ಹನ್ನೊಂದು ಹೋಮ್ ರನ್ನಿನ ಬ್ಯಾಟು

ಆ ಶನಿವಾರ ಬೆಳಿಗ್ಗೆ ವರ್ನನ್ ಕ್ಲಿಂಗ್ ಗಡ್ಡ ಬೋಳಿಸಿಕೊಳ್ಳುತ್ತಾ ಹಾಡು ಹೇಳಿದ. ರಾಮಾಯಣವೆಲ್ಲ ಶುರುವಾದದ್ದು ಅಲ್ಲಿಂದ.

ಬೇರೆ ಯಾವ ದಿನ ಹಾಡಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವತ್ತು ಮಾತ್ರ ಬೆಲ್‌ಫೋರ್ಕ್ ಊರಿಗೆ ಊರೇ ಸೂತಕದಲ್ಲಿತ್ತು. ಹಿಂದಿನ ಸಂಜೆ ಊರಿನ ಏಕೈಕ ಮಹಾಪುರುಷ, ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಐನೂರ ಎಂಬತ್ತೆರಡು ಹೋಮ್ ರನ್ ಹೊಡೆದ ಡ್ವೇನ್ ಟ್ರೆಡ್‌ವೆಲ್, ಟೀವಿಯಲ್ಲಿ ಕೂತು ಮೂಗು ಸೀಟಿಕೊಂಡು ಅತ್ತಿದ್ದ. “ಹೌದು, ಸ್ಟೀರಾಯ್ಡ್ ತಗೊಂಡೆ. ಸ್ಕೂಲಿನ ಕೊನೇ ವರ್ಷದಿಂದಲೇ ತಗೊಂಡೆ. ಜಿಮ್ಮಿನಲ್ಲಿ ಒಬ್ಬರು ಚುಚ್ತಿದ್ರು. ವಿಟಮಿನ್ ಅಂದಿದ್ರು. ನನಗೆ ಗೊತ್ತಿರಲಿಲ್ಲ” ಅಂದಿದ್ದ. ಅವನ ಮುಖವನ್ನೇ ನೀರಿನ ಟ್ಯಾಂಕಿನ ಮೇಲೆ ಬಿಡಿಸಿಟ್ಟುಕೊಂಡಿದ್ದ ಊರು ಅದು. ಜನ ಊಟ ಬಿಟ್ಟು ಮಲಗಿದ್ದರು. ಅಂಥ ಊರಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಮನುಷ್ಯ ಬಚ್ಚಲಲ್ಲಿ ನಿಂತು ಗಂಟಲು ಬಿಟ್ಟು ಹಾಡಿದರೆ ಏನಂತ ತಿಳಿಯಬೇಕು?

“ಏನು, ಭಾರಿ ಖುಷಿಯಲ್ಲಿದ್ದೀಯ?” ಅಂದಳು ಹೆಂಡತಿ ಡೋರೀನ್, ಅಡಿಗೆಮನೆಯಿಂದ.

“ಖುಷಿನಾ? ನನಗಾ? ಎದೆ ಒಡೆದುಹೋಗಿದೆ ಕಣೇ” ಅಂದ ವರ್ನನ್. ಅಂದು, ಎರಡನೇ ಚರಣ ಎತ್ತಿಕೊಂಡ.

ಈ ವರ್ನನ್ ಯಾರು ಅಂತ ಹೇಳಿಬಿಡುತ್ತೇನೆ. ಊರಿನ ಹೈಸ್ಕೂಲಿನಲ್ಲಿ ರಿಪೇರಿ ಕೆಲಸದವನು. ಒಡೆದ ಕಿಟಕಿ, ಕಟ್ಟಿದ ಮೋರಿ, ಸೋರುವ ನಲ್ಲಿ ಎಲ್ಲಕ್ಕೂ ಅವನೇ. ಅಕ್ಷರ ದುಂಡಗಿದ್ದವು ಅಂತ ಊರಿನ ಬೋರ್ಡುಗಳನ್ನೂ ಅವನ ಕೈಯಲ್ಲೇ ಬರೆಸುತ್ತಿದ್ದರು. ನಲವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನು ಸಂಪಾದಿಸಿದ ಮರ್ಯಾದೆ ಎರಡೇ ಎರಡು. ಒಂದು, ಮನೆಯ ಟೀವಿಯ ಮೇಲಿದ್ದ ಬೆಳ್ಳಿ ಬಣ್ಣದ ಕಪ್ಪು. ಅದು ಜಿಲ್ಲೆಯ ಮೀನು ಹಿಡಿಯುವ ಸ್ಪರ್ಧೆಯಲ್ಲಿ ಹನ್ನೆರಡು ಪೌಂಡಿನ ಮೀನು ಹಿಡಿದದ್ದಕ್ಕೆ ಬಂದದ್ದು. ಇನ್ನೊಂದು, ಸ್ಕೂಲಿನಲ್ಲಿದ್ದಾಗ ಒಂದೇ ವರ್ಷದಲ್ಲಿ ಚೆಂಡನ್ನು ಹನ್ನೊಂದು ಸಲ ಬೇಲಿ ದಾಟಿಸಿದ್ದು. ೧೯೮೬ರಲ್ಲಿ ಅದು ಸ್ಕೂಲಿನ ದಾಖಲೆ. ಜಿಮ್ ಹಾಲಿನ ದೊಡ್ಡ ಬೋರ್ಡಿನಲ್ಲಿ ಎಂಟು ವರ್ಷ ಅವನ ಹೆಸರು ಮೆರೆದಿತ್ತು.

ಆಮೇಲೆ ಡ್ವೇನ್ ಟ್ರೆಡ್‌ವೆಲ್ ಬಂದ, ಹದಿನಾಲ್ಕು ಹೊಡೆದ. ಬೋರ್ಡಿನಲ್ಲಿ ಹಳೇ ಹೆಸರು ಅಳಿಸಿ ಹೊಸದು ಬರೆಯಬೇಕಾಯಿತು. ಬರೆಯುವವನು ಯಾರು? ಆಗಷ್ಟೇ ಕೆಲಸಕ್ಕೆ ಸೇರಿದ್ದ ವರ್ನನ್ನೇ! ಏಣಿ ಹತ್ತಿ, ತನ್ನ ಹೆಸರಿನ ಮೇಲೆ ತಾನೇ ಬಣ್ಣ ಬಳಿದು ಇಳಿದು ಬಂದ. ಎರಡು ಕೋಟು ಬಳಿಯಬೇಕಾದ ಕಡೆ ಒಂದೇ ಕೋಟು ಬಳಿದಿದ್ದ. ಹಾಗಾಗಿ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಟ್ರೆಡ್‌ವೆಲ್ ಅನ್ನುವ ಅಕ್ಷರಗಳ ಹಿಂದೆ ಕ್ಲಿಂಗ್ ಅನ್ನುವುದು ಮಸುಕಾಗಿ ಕಾಣುತ್ತಿತ್ತು. ಹದಿನೆಂಟು ವರ್ಷದಿಂದ ವರ್ನನ್ ದಿನಾ ಎಂಟೂ ಕಾಲಿಗೆ ಸರಿಯಾಗಿ ಪೊರಕೆ ಹಿಡಿದು ಅಲ್ಲಿ ಹಾಜರಾಗುತ್ತಿದ್ದ. ಆ ಜಾಗದಷ್ಟು ಚೊಕ್ಕಟ ನೆಲ ಇಡೀ ಒಹಾಯೊದಲ್ಲಿ ಇರಲಿಲ್ಲ.

ಈಗ ಗೊತ್ತಾಯಿತಲ್ಲ, ಹಾಡು ಯಾಕೆ ಅಂತ.

“ಹನ್ನೊಂದು ಗಂಟೆಗೆ ಜಿಮ್ ಹಾಲಿನಲ್ಲಿ ಸಭೆ ಕರೆದಿದ್ದಾರೆ. ಟ್ರೆಡ್‌ವೆಲ್ ಹೆಸರು ಇಡೋದೋ ತೆಗೆಯೋದೋ ಅಂತ. ನಾನು ಮಾತಾಡ್ತೀನಿ” ಅಂದ ವರ್ನನ್, ಮೊಟ್ಟೆ ತಿನ್ನುತ್ತಾ.

ಡೋರೀನ್ ಕೈಯಲ್ಲಿದ್ದ ಸೌಟು ಒಂದು ಕ್ಷಣ ನಿಂತಿತು. “ಯಾಕೆ ಬೇಕು ವರ್ನ್? ಹಳೇದನ್ನೆಲ್ಲ ಕೆದಕಬೇಡ. ಅವನ ಹೆಸರು ಅವನಿಗಿರಲಿ. ನಿನಗೆ ಮೀನಿನ ಕಪ್ಪು ಇದೆಯಲ್ಲ.”

“ಮೀನಿಂದು ಬೇರೆ, ಇದು ಬೇರೆ. ಇದು ನ್ಯಾಯದ ಪ್ರಶ್ನೆ” ಅಂದು ವರ್ನನ್ ಎದ್ದ. ನ್ಯಾಯದ ಪ್ರಶ್ನೆಗೆ ಬೇಕಾಗಬಹುದು ಅಂತ ಷೆಡ್ಡಿಗೆ ಹೋಗಿ ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕಲಕಿ, ಹದ ನೋಡಿ, ಬ್ರಷ್ಷನ್ನು ಅದ್ದಿ, ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಸೇರಿಸಿಕೊಂಡ. ಡಬ್ಬಿಯನ್ನು ಗಾಡಿಯಲ್ಲಿಟ್ಟ.

ಬೇಲಿಯ ಆಚೆ ಗಸ್ ನೊವೊಟ್ನಿ ಕಾಯುತ್ತಿದ್ದ. ಪಕ್ಕದ ಮನೆಯವನು, ಟೈರ್ ಅಂಗಡಿ ಇಟ್ಟವನು, ಬಾಯಿಗೆ ಬೀಗವಿಲ್ಲದವನು. ೧೯೮೬ರ ತಂಡದಲ್ಲಿ ವರ್ನನ್ ಜೊತೆಯಲ್ಲೇ ಆಡಿ ಒಂಬತ್ತು ಹೋಮ್ ರನ್ ಹೊಡೆದು ಎರಡನೆಯವನಾಗಿದ್ದ. ಟ್ರೆಡ್‌ವೆಲ್ ಬಂದ ಮೇಲೆ ಮೂರನೆಯವನಾಗಿದ್ದ.

“ಪಾಪ ಕಣೋ ಡ್ವೇನು” ಅಂದ ಗಸ್, ಕಣ್ಣೊರೆಸಿಕೊಂಡು. “ಹೇಗೆ ಅತ್ತುಬಿಟ್ಟ ನೋಡಿದ್ಯಾ? ವಿಟಮಿನ್ ಅಂದ್ರು, ನಂಬಿದ. ಹದಿನೆಂಟು ವರ್ಷದ ಹುಡುಗನಿಗೆ ಏನು ಗೊತ್ತಾಗುತ್ತೆ?”

“ಏನು ಗೊತ್ತಾಗುತ್ತೆ?” ವರ್ನನ್ ಸೊಂಟದ ಮೇಲೆ ಕೈ ಇಟ್ಟ. “ತನ್ನ ಮೈಯೊಳಗೆ ಏನು ಹೋಗ್ತಿದೆ ಅಂತ ತನಗೇ ಗೊತ್ತಿಲ್ವಂತಾ? ಅಷ್ಟು ಪೆದ್ದನಾ? ‘ಗೊತ್ತಿರಲಿಲ್ಲ’ ಅನ್ನೋ ಮಾತಿದೆಯಲ್ಲ ಗಸ್, ಅದು ಸಿಕ್ಕಿಬಿದ್ದ ಕಳ್ಳರು ಹೇಳೋ ಮೊದಲನೇ ಮಾತು.”

“ಹಾಗನ್ನಬೇಡ. ಮಾಡದ ತಪ್ಪಿಗೂ ಶಿಕ್ಷೆ ಆಗುತ್ತೆ. ನನ್ನನ್ನೇ ನೋಡು. ಆ ನೋಟಿಸ್ ಬೋರ್ಡು…”

ವರ್ನನ್ ಕಣ್ಣು ಮುಚ್ಚಿಕೊಂಡ. ಇಪ್ಪತ್ತಾರು ವರ್ಷದಿಂದ ಈ ಕತೆ ಕೇಳಿ ಕೇಳಿ ಅವನ ಕಿವಿ ತೂತು ಬಿದ್ದಿತ್ತು. ೧೯೮೬ರಲ್ಲಿ ಯಾರೋ ಪ್ರಿನ್ಸಿಪಾಲರ ಕೋಣೆಯ ಹೊರಗಿದ್ದ, ಹಸಿರು ಬಟ್ಟೆ ಹೊದಿಸಿದ ನೋಟಿಸ್ ಬೋರ್ಡಿನ ಒಂದು ಮೂಲೆಯನ್ನು ಕಿತ್ತುಕೊಂಡು ಹೋಗಿದ್ದರು. ಹಿಂದಿನ ದಿನ ಅದೇ ಬೋರ್ಡಿನಲ್ಲಿ ಪ್ರಿನ್ಸಿಪಾಲರ ವ್ಯಂಗ್ಯಚಿತ್ರ ಚುಚ್ಚಿ ಸಿಕ್ಕಿಬಿದ್ದಿದ್ದ ಗಸ್ಸನ ಮೇಲೆ ಅನುಮಾನ ಬಂತು. ಮೂರು ಪಂದ್ಯ ಹೊರಗೆ ಕೂರಿಸಿದರು.

“ಆ ಮೂರು ಆಟ ಆಡಿದ್ದಿದ್ರೆ ನಾನು ಹನ್ನೆರಡಾದ್ರೂ ಹೊಡೀತಿದ್ದೆ. ಚಿತ್ರ ಚುಚ್ಚಿದ್ದು ನಾನೇ, ಒಪ್ಕೋತೀನಿ. ಆದ್ರೆ ಬೋರ್ಡು ಕಿತ್ತಿದ್ದು ನಾನಲ್ಲ. ದೇವರಾಣೆ ನಾನಲ್ಲ.”

“ಆಯ್ತು ಮಾರಾಯ, ನೀನಲ್ಲ” ಅಂತ ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದ ಹಾಗೇ ಹೇಳಿ ವರ್ನನ್ ಗಾಡಿ ಹತ್ತಿದ.

ಸಭೆಗೆ ಇನ್ನೂ ಹೊತ್ತಿತ್ತು. ಜನರ ನಾಡಿ ಹಿಡಿದು ನೋಡೋಣ ಅಂತ ಪೆಗ್ಗಿಯ ಹೋಟೆಲಿಗೆ ನುಗ್ಗಿದ. ಅದು ಅವನು ಮಾಡಿದ ಎರಡನೇ ತಪ್ಪು. ಪೆಗ್ಗಿ ತನ್ನ ಮಗನಿಗೆ ಟ್ರೆಡ್‌ವೆಲ್ ಅಂತಲೇ ಹೆಸರಿಟ್ಟಿದ್ದಳು.

“ಕಾಫಿ ಮುಗಿದಿದೆ” ಅಂದಳು ಪೆಗ್ಗಿ, ಹೊಗೆಯಾಡುವ ಕಾಫಿ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ.

“ನನ್ನ ಮೇಲೆ ಯಾಕಮ್ಮಾ ಕೋಪ? ನಾನೇನು ಅವನಿಗೆ ಚುಚ್ಚಿದ್ನಾ?”

“ನೀನು ಬೆಳಿಗ್ಗೆ ಹಾಡಿದೆಯಂತೆ.”

ಏಳು ಗಂಟೆಯ ಹಾಡು ಏಳೂವರೆಗೆ ಹೋಟೆಲು ಮುಟ್ಟಿತ್ತು. ವರ್ನನ್ ಗಸ್ಸನನ್ನು ಮನಸ್ಸಿನಲ್ಲೇ ಬೈದುಕೊಂಡು ಒಂದು ಕುರ್ಚಿ ಎಳೆದು ಕೂತ. ಕ್ಷೌರದಂಗಡಿಯ ಮುದುಕ ಲಿಯಾನ್ ಆಗಲೇ ವಾದಕ್ಕೆ ತಯಾರಾಗಿದ್ದ.

“ಆ ಕಾಲದಲ್ಲಿ ಎಲ್ಲರೂ ತಗೋತಿದ್ರು ಕಣಯ್ಯಾ. ಚೆಂಡು ಎಸೆಯೋನೂ ತಗೊಂಡಿದ್ದ, ಹೊಡೆಯೋನೂ ತಗೊಂಡಿದ್ದ. ಇಬ್ಬರೂ ತಗೊಂಡ ಮೇಲೆ ಸರಿಸಮ ಆಯ್ತಲ್ಲ? ಅದರಲ್ಲಿ ಮೋಸ ಎಲ್ಲಿಂದ ಬಂತು?”

“ತಗೊಳ್ಳದೆ ಆಡಿದೋನು ಒಬ್ಬ ಇದ್ನಲ್ಲ, ಅವನ ಕತೆ ಏನು?” ಅಂದ ವರ್ನನ್. “ಅವನು ಬೆಳಗಿಂದ ಸಂಜೆ ತನಕ ಬೆವರು ಸುರಿಸಿ, ಕೊನೆಗೆ ಬೆಂಚಿನ ಮೇಲೆ ಕೂತು ಮನೆಗೆ ಹೋದ್ನಲ್ಲ. ಅವನ ಹೆಸರು ನಿಮಗ್ಯಾರಿಗಾದ್ರೂ ಗೊತ್ತಾ? ಗೊತ್ತಿಲ್ಲ. ಅದೇ ಮೋಸ.”

ಮಾತು ಚೆನ್ನಾಗಿ ಬಂತು ಅಂತ ಅವನಿಗೇ ಅನ್ನಿಸಿತು. ಪೆಗ್ಗಿ ಮಾತ್ರ ಬಿಡಲಿಲ್ಲ. “ಐನೂರ ಎಂಬತ್ತೆರಡು ಚೆಂಡು ಸೂಜಿ ಹೊಡೀಲಿಲ್ಲ ವರ್ನನ್. ಕಣ್ಣು ಹೊಡೀತು, ಕೈ ಹೊಡೀತು. ನೀನು ಬಕೆಟ್‌ಗಟ್ಟಲೆ ಚುಚ್ಚಿಸಿಕೊಂಡು ಬಾ, ಒಂದು ಹೊಡೀತೀಯಾ ನೋಡೋಣ.”

“ಕಣ್ಣೂ ಕೈಯೂ ಸಾಕಾಗಿದ್ರೆ ಸೂಜಿ ಯಾಕೆ ಬೇಕಿತ್ತು?”

“ಅದಿರ್ಲಿ” ಅಂದ ಲಿಯಾನ್, ಕಣ್ಣು ಕಿರಿದು ಮಾಡಿ. “ಅವನ ಹೆಸರು ತೆಗೆದ್ರೆ ಆ ಜಾಗಕ್ಕೆ ಯಾರ ಹೆಸರು ಬರುತ್ತೆ?”

“ಯಾರದೋ ಬರುತ್ತೆ. ನಾನು ಆ ಕಡೆ ಯೋಚನೇನೇ ಮಾಡಿಲ್ಲ” ಅಂದ ವರ್ನನ್. “ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ನನ್ನದು ಬರೀ ತತ್ವ.”

ಹಾಗಂದು ಗಂಭೀರವಾಗಿ ಎದ್ದ. ಎದ್ದಾಗ ಕುರ್ಚಿಯೂ ಜೊತೆಗೇ ಎದ್ದಿತು. ಜೇಬಿನ ಪ್ಲಾಸ್ಟಿಕ್ ಹಾಳೆ ಹರಿದು ಬಣ್ಣವೆಲ್ಲ ಕುರ್ಚಿಗೂ ಪ್ಯಾಂಟಿಗೂ ಮೆತ್ತಿ ಆಗಲೇ ಅರ್ಧ ಒಣಗಿತ್ತು. ಪೆಗ್ಗಿ ಕಾಲು ಕೊಟ್ಟು ಕುರ್ಚಿ ಎಳೆದಳು, ಲಿಯಾನ್ ವರ್ನನ್ನನ್ನು ಎಳೆದ. ಚರ್ರನೆ ಶಬ್ದ ಬಂದು ಎರಡೂ ಬೇರೆಯಾದವು. ಕುರ್ಚಿಯ ಮೇಲೆ ಬಿಳಿ ಬಣ್ಣ ಬಳಿದ ಬ್ರಷ್ಷು ಅಂಗಾತ ಮಲಗಿತ್ತು.

“ತತ್ವಕ್ಕೆ ಬಣ್ಣ ಕಲಸಿ ಆಗಿದೆ!” ಅಂತ ಲಿಯಾನ್ ಕೂಗಿದ. ಇಡೀ ಹೋಟೆಲು ನಿನ್ನೆಯಿಂದ ಮೊದಲ ಸಲ ನಕ್ಕಿತು.

ಹಿಂಭಾಗದಲ್ಲಿ ಅಂಗೈಯಗಲ ಬಿಳಿ ಮಚ್ಚೆ ಹೊತ್ತುಕೊಂಡೇ ವರ್ನನ್ ಸಭೆಗೆ ಹೋದ. ಬಟ್ಟೆ ಬದಲಿಸಲು ಮನೆಗೆ ಹೋಗೋಣ ಅಂದರೆ ಮುಂದಿನ ಸಾಲಿನ ಕುರ್ಚಿ ತಪ್ಪಿಹೋಗುತ್ತಿತ್ತು.

ಜಿಮ್ ಹಾಲು ತುಂಬಿತ್ತು. ಪ್ರಿನ್ಸಿಪಾಲ್ ಹ್ಯಾಡ್ಲಿ ಮೇಡಂ ಎತ್ತರದ ಕೂದಲಿನ ಗಂಟು ಸರಿಮಾಡಿಕೊಂಡು ಎದ್ದು ನಿಂತರು. ಯಾರ ಮನಸ್ಸೂ ನೋಯಿಸದೆ ದಡ ಸೇರಬೇಕು ಅನ್ನುವ ಜಾತಿಯ ಹೆಂಗಸು.

“ನನ್ನದೊಂದು ಸಲಹೆ” ಅಂದರು. “ಹೆಸರು ತೆಗೆಯೋದು ಬೇಡ. ಹಾಗೇ ಬಿಡೋದೂ ಬೇಡ. ಹೆಸರಿನ ಪಕ್ಕ ಒಂದು ಸಣ್ಣ ನಕ್ಷತ್ರದ ಗುರುತು ಹಾಕೋಣ. ದೊಡ್ಡ ದೊಡ್ಡವರೇ ದಾಖಲೆ ಪುಸ್ತಕದಲ್ಲಿ ಹಾಗೆ ಮಾಡಬೇಕು ಅಂತ ವಾದ ಮಾಡ್ತಾರೆ. ನೋಡಿದವರಿಗೆ, ಇದರ ಹಿಂದೆ ಏನೋ ಇದೆ ಅಂತ ತಿಳಿಯುತ್ತೆ. ಇತಿಹಾಸವೂ ಉಳೀತು, ಮಾನವೂ ಉಳೀತು.”

“ಭೇಷ್!” ಅಂದ ಗಸ್. “ಒಂದು ಚಿಕ್ಕ ನಕ್ಷತ್ರ. ಯಾರಿಗೂ ನಷ್ಟವಿಲ್ಲ.”

ಅರ್ಧ ಹಾಲು ತಲೆಯಾಡಿಸಿತು. ವರ್ನನ್ನನ ಚಿಗುರೊಡೆದ ಆಸೆಯ ಮೇಲೆ ಯಾರೋ ಬಿಸಿನೀರು ಹುಯ್ದ ಹಾಗಾಯಿತು. ನಿಂತುಕೊಂಡ. ಹಿಂದಿನ ಸಾಲಿನವರು ಬಿಳಿ ಮಚ್ಚೆ ನೋಡಿ ಕಿಸಕ್ಕನೆ ನಕ್ಕರು. ಅವನು ಲಕ್ಷ್ಯ ಮಾಡಲಿಲ್ಲ.

“ನಕ್ಷತ್ರ!” ಅಂದ. “ಒಂದನೇ ಕ್ಲಾಸಿನ ಮಕ್ಕಳು ಅಕ್ಷರ ನೀಟಾಗಿ ಬರೆದ್ರೆ ಟೀಚರು ನಕ್ಷತ್ರ ಕೊಡ್ತಾರೆ. ಇಲ್ಲಿ ಮೋಸ ಮಾಡಿದೋನಿಗೆ ನಕ್ಷತ್ರ! ಸ್ವಾಮಿ, ಈ ಬೋರ್ಡಿನ ಕೆಳಗೆ ದಿನಾ ಕಸ ಗುಡಿಸೋನು ನಾನು. ಮಕ್ಕಳು ಅದನ್ನ ತಲೆ ಎತ್ತಿ ನೋಡೋದು ನಾನು ನೋಡಿದೀನಿ. ಅವರು ನಕ್ಷತ್ರ ನೋಡಲ್ಲ, ಹೆಸರು ನೋಡ್ತಾರೆ, ಅಂಕಿ ನೋಡ್ತಾರೆ. ಇವನ ಹಾಗೆ ಆಗಬೇಕು ಅಂದ್ಕೋತಾರೆ. ಹೇಗೆ ಆದ ಅಂತ ಗೊತ್ತಾದ ದಿನ ಅದನ್ನೇ ಮಾಡ್ತಾರೆ. ಗೊತ್ತಿತ್ತೋ ಗೊತ್ತಿರಲಿಲ್ವೋ, ನನಗೆ ಬೇಕಿಲ್ಲ. ಮೈಯಲ್ಲಾಗಲಿ, ಕೈಯಲ್ಲಾಗಲಿ, ಆಟಕ್ಕೆ ಸಲ್ಲದ್ದು ಇದ್ದೋರು ಯಾರೇ ಇರಲಿ, ಯಾವ ಕಾಲದೋರೇ ಇರಲಿ, ಹೆಸರು ಹೋಗಬೇಕು. ಅಪೀಲಿಲ್ಲ, ನಕ್ಷತ್ರವಿಲ್ಲ. ಅಷ್ಟೇ!”

ನಿಜ ಹೇಳಬೇಕೆಂದರೆ, ಶುರುವಿನಲ್ಲಿ ಅವನಿಗೆ ತನ್ನ ಹೆಸರಿನದೇ ಚಿಂತೆಯಿತ್ತು. ಮುಗಿಸುವ ಹೊತ್ತಿಗೆ ತನ್ನ ಮಾತು ತಾನೇ ನಂಬಿಬಿಟ್ಟಿದ್ದ. ಕಣ್ಣಲ್ಲಿ ನೀರೂ ಬಂದಿತ್ತು.

ಕೈ ಎತ್ತಿಸಿದರು. ನಕ್ಷತ್ರಕ್ಕೆ ಮೂವತ್ತೇಳು. ಹೆಸರು ತೆಗೆಯಲು ಮೂವತ್ತೇಳು. ವರ್ನನ್ ತಿರುಗಿ ಹೆಂಡತಿಯನ್ನು ಹುಡುಕಿದ. ಡೋರೀನ್ ಹಿಂದಿನ ಬಾಗಿಲ ಹತ್ತಿರ ನಿಂತು ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಹುದುಗಿಸಿಕೊಂಡಿದ್ದಳು.

“ಡೋರೀನ್! ಕೈ!” ಅಂತ ಬಾಯಿ ಆಡಿಸಿದ. ಅವಳು ಛಾವಣಿ ನೋಡಿದಳು.

ಆಗ ಎದ್ದವನು ಗಸ್. “ಹೋಗ್ಲಿ ಬಿಡ್ರಪ್ಪಾ” ಅಂದ. “ನಾನು ನಕ್ಷತ್ರಕ್ಕೆ ಎತ್ತಿದ್ದ ಕೈ ಇಳಿಸಿ ಈ ಕಡೆಗೆ ಎತ್ತುತ್ತೀನಿ. ಹದಿನೆಂಟು ವರ್ಷದಿಂದ ಈ ಮನುಷ್ಯ ತನ್ನ ಹೆಸರಿನ ಕೆಳಗೆ ಕಸ ಗುಡಿಸ್ತಿದಾನೆ. ನಮಗೇನು ಗೊತ್ತಿಲ್ವಾ? ಪಾಪ, ಬರಲಿ ಅವನ ಹೆಸರು.”

ಮೂವತ್ತೆಂಟಕ್ಕೆ ಮೂವತ್ತಾರು. ವರ್ನನ್ ಗಸ್ಸನನ್ನು ತಬ್ಬಿಕೊಂಡ. ಇಂಥ ನೆರೆಯವನನ್ನು ಇಷ್ಟು ವರ್ಷ ಬೈದುಕೊಂಡೆನಲ್ಲ ಅಂತ ನಿಜವಾಗಿಯೂ ನಾಚಿಕೆಯಾಯಿತು.

ಏಣಿ ಬಂತು. ಟ್ರೆಡ್‌ವೆಲ್ ಮೇಲೆ ಒಂದು ಕೋಟು, ಒಣಗಿದ ಮೇಲೆ ಇನ್ನೊಂದು ಕೋಟು. ಅದರ ಮೇಲೆ ಮುತ್ತಿನಂಥ ಅಕ್ಷರ: ವರ್ನನ್ ಕ್ಲಿಂಗ್, ೧೧, ೧೯೮೬. ಹ್ಯಾಡ್ಲಿ ಮೇಡಂ ಹೇಳಿದ ಪ್ರಕಾರ ಕೆಳಗೆ ಹೊಸ ನಿಯಮವನ್ನೂ ಅವನೇ ಬರೆದ. ‘ಸಲ್ಲದ್ದನ್ನು ಬಳಸಿದವರ ಹೆಸರು, ತಿಳಿದು ಬಳಸಿರಲಿ ತಿಳಿಯದೆ ಬಳಸಿರಲಿ, ಈ ಬೋರ್ಡಿನಲ್ಲಿ ಇರತಕ್ಕದ್ದಲ್ಲ.’ ಸಂತೋಷ ತಡೆಯಲಾರದೆ ಕೊನೆಗೆ ಎರಡು ಗೆರೆ ಎಳೆದ. ಏಣಿಯ ಮೇಲೆ ನಿಂತೇ ಮತ್ತೆ ಬೆಳಗಿನ ಹಾಡು ಗುನುಗಿದ. ಈ ಸಲ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಪೆಗ್ಗಿ ಕೂಡ ಒಂದು ಲೋಟ ಕಾಫಿ ತಂದುಕೊಟ್ಟಳು.

ಅಷ್ಟಕ್ಕೇ ಎಲ್ಲ ಮುಗಿದಿದ್ದರೆ ವರ್ನನ್ ಇವತ್ತಿಗೂ ಹಾಡುತ್ತಿದ್ದ. ಆದರೆ ಊರಿನ ಪತ್ರಿಕೆಯ ಫೋಟೋದವಳು ಬಂದಿದ್ದಳು. “ಸುಮ್ನೆ ನಿಂತ್ರೆ ಏನು ಚೆಂದ? ಆ ಬ್ಯಾಟು ಇಲ್ವಾ? ಹನ್ನೊಂದು ಹೊಡೆದ ಬ್ಯಾಟು?” ಅಂದಳು.

ಇತ್ತು. ಆಗಿನ ಕೋಚು ಅಲ್ಯೂಮಿನಿಯಂ ಬ್ಯಾಟನ್ನು ಮುಟ್ಟಗೊಡದ ಹಳೇ ಕಾಲದ ಆಸಾಮಿ. ಅದರ ಸದ್ದು ಅಡಿಗೆಮನೆಯಲ್ಲಿ ತಟ್ಟೆ ಬಿದ್ದ ಹಾಗೆ ಕೇಳುತ್ತೆ ಅನ್ನುತ್ತಿದ್ದ. ಹಾಗಾಗಿ ಹುಡುಗರೆಲ್ಲ ಮರದ ಬ್ಯಾಟಿನಲ್ಲೇ ಆಡಿದ್ದರು. ವರ್ನನ್ನನ ಬ್ಯಾಟು ಎಂಟು ವರ್ಷ ಗಾಜಿನ ಕಪಾಟಿನಲ್ಲಿದ್ದು, ಆಮೇಲೆ ಉಗ್ರಾಣಕ್ಕೆ ಹೋಗಿತ್ತು. ಅವನು ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಒರೆಸುತ್ತಿದ್ದ.

“ಬ್ಯಾಟು ಬೇಡ!” ಅಂತ ಕೂಗು ಬಂತು. ಡೋರೀನ್ ಜನರನ್ನು ತಳ್ಳಿಕೊಂಡು ಮುಂದೆ ಬಂದಿದ್ದಳು. “ಬ್ರಷ್ ಹಿಡ್ಕೊಂಡು ತೆಗೆಸ್ಕೋ ವರ್ನ್. ಅದೇ ಚೆಂದ. ಉಗ್ರಾಣದ ಬೀಗದ ಕೈ ಕಳೆದಿದೆ ಅಂತಿದ್ರಲ್ಲ?”

“ಈ ಸ್ಕೂಲಿನ ಬೀಗದ ಕೈಯೆಲ್ಲ ನನ್ನ ಸೊಂಟದಲ್ಲೇ ಇರೋದು ಕಣೇ” ಅಂದ ವರ್ನನ್, ಗೊಂಚಲು ಆಡಿಸಿ ತೋರಿಸುತ್ತಾ. “ಇವತ್ತು ಏನಾಗಿದೆ ನಿನಗೆ?”

“ಬೆನ್ನು ಹಿಡ್ಕೊಳ್ಳುತ್ತೆ ಅಂದೆ.”

“ಹದಿನೆಂಟು ವರ್ಷದಿಂದ ಹಿಡ್ಕೊಂಡಿದ್ದ ಬೆನ್ನು ಇವತ್ತು ಬಿಟ್ಟಿದೆ!”

ಬ್ಯಾಟು ತಂದ. ಭುಜದ ಮೇಲಿಟ್ಟು ನಿಂತ. ಫೋಟೋದವಳಿಗೆ ಅದೂ ಸಾಲದು. “ಒಂದು ಚೆಂಡು ಹೊಡೆದಂಗೆ ಮಾಡಿ ಸಾರ್, ನಿಜವಾದ ಚೆಂಡು.” ಗಸ್ ಚೆಂಡು ತಗೊಂಡು ಹತ್ತು ಹೆಜ್ಜೆ ಹಿಂದೆ ಹೋದ. “ಮೆಲ್ಲಗೆ ಹಾಕ್ತೀನಿ ಕಣೋ, ಮೆಲ್ಲಗೆ ಹೊಡಿ. ಗಾಜು ಒಡೆದ್ರೆ ಹಾಕೋನೂ ನೀನೇ” ಅಂದ. ಊರಿಗೆ ಊರೇ ನಕ್ಕಿತು. ಡೋರೀನ್ ಕಣ್ಣು ಮುಚ್ಚಿಕೊಂಡಳು.

ವರ್ನನ್ ಮೆಲ್ಲಗೆ ಹೊಡೆಯಲಿಲ್ಲ. ಎಲ್ಲ ಕಣ್ಣೂ ತನ್ನ ಮೇಲಿದ್ದಾಗ, ಅದೂ ಹದಿನೆಂಟು ವರ್ಷದ ಮೇಲೆ, ಯಾರು ಮೆಲ್ಲಗೆ ಹೊಡೆಯುತ್ತಾರೆ? ಹಲ್ಲು ಕಚ್ಚಿ ಬೀಸಿದ. ಫಟ್ ಅಂತ ಶಬ್ದವಾಯಿತು. ಚೆಂಡು ಅಲ್ಲೇ ಕಾಲ ಬಳಿ ಬಿತ್ತು. ಬ್ಯಾಟಿನ ಅರ್ಧ ಅವನ ಕೈಯಲ್ಲುಳಿಯಿತು. ಇನ್ನರ್ಧ ಸೀಳಿಕೊಂಡು ಹಾರಿತು, ಅದರ ಹೊಟ್ಟೆಯಿಂದ ಏನೋ ಕಂದು ಬಣ್ಣದ ಚೂರುಗಳು ಪಾಪ್‌ಕಾರ್ನಿನಂತೆ ಚಿಮ್ಮಿ ಹಾಲಿನ ತುಂಬ ಉದುರಿದವು. ಒಂದು ಹ್ಯಾಡ್ಲಿ ಮೇಡಂ ಕೂದಲ ಗಂಟಿನಲ್ಲಿ ನಾಟಿಕೊಂಡಿತು.

ಅವರು ಅದನ್ನು ಕಿತ್ತು, ಕನ್ನಡಕ ಏರಿಸಿ ನೋಡಿದರು. “ಇದು ಬೆಂಡು” ಅಂದರು.

ಬೆಲ್‌ಫೋರ್ಕಿನಲ್ಲಿ ತೊಟ್ಟಿಲ ಕೂಸಿಗೂ ಅದರ ಅರ್ಥ ಗೊತ್ತು. ಮರದ ಬ್ಯಾಟಿನ ಹೊಟ್ಟೆ ಕೊರೆದು ಒಳಗೆ ಬೆಂಡು ತುಂಬಿದರೆ ಬ್ಯಾಟು ಹಗುರಾಗುತ್ತದೆ, ಬೇಗ ಬೀಸಬಹುದು. ಸಿಕ್ಕಿಬಿದ್ದರೆ ಆಟದಿಂದ ಹೊರಗೆ. ಸ್ಟೀರಾಯ್ಡ್ ಬರುವುದಕ್ಕಿಂತ ಎಷ್ಟೋ ಹಿಂದಿನ ಕಾಲದ ಮೋಸ ಅದು.

“ನನಗೆ…” ಅಂದ ವರ್ನನ್. “ನನಗೆ ಗೊತ್ತಿರಲಿಲ್ಲ.”

“ಏನಂದೆ?” ಪೆಗ್ಗಿ, ಅವನು ಏಣಿಯ ಮೇಲಿಟ್ಟಿದ್ದ ಕಾಫಿ ಲೋಟವನ್ನು ವಾಪಸು ಎತ್ತಿಕೊಂಡಳು. “ಕೈಯಲ್ಲಿ ಹಿಡ್ಕೊಂಡಿದ್ದು ಏನು ಅಂತ ಗೊತ್ತಿರಲಿಲ್ವಾ? ಅಷ್ಟು ಪೆದ್ದನಾ?”

“ಅದು ಸಿಕ್ಕಿಬಿದ್ದ ಕಳ್ಳರು ಹೇಳೋ ಮೊದಲನೇ ಮಾತಂತೆ” ಅಂದ ಲಿಯಾನ್. “ಬೆಳಿಗ್ಗೆ ಗಸ್ ಹೇಳ್ತಿದ್ದ. ಯಾರೋ ದೊಡ್ಡ ಮನುಷ್ಯರ ಮಾತಂತೆ.”

“ತಿಂಗಳು ತಿಂಗಳು ಎಣ್ಣೆ ಬೇರೆ ಹಚ್ತಿದ್ದ!” ಅಂದರು ಯಾರೋ ಹಿಂದಿನಿಂದ.

“ನನ್ನ ಮಾತು ಕೇಳಿ. ಬ್ಯಾಟಿಗೆ ನಾನು ಕೈಯೇ…”

ಅಷ್ಟರಲ್ಲಿ ಗಸ್ ನೆಲದ ಮೇಲೆ ಮಂಡಿಯೂರಿದ್ದ. ಒಂದು ದೊಡ್ಡ ಚೂರು ಎತ್ತಿಕೊಂಡ. ತಿರುಗಿಸಿದ. ಅದರ ಬೆನ್ನಿಗೆ ಹಸಿರು ಬಟ್ಟೆಯ ತುಂಡು ಅಂಟಿತ್ತು. ಬಟ್ಟೆಗೆ ತುಕ್ಕು ಹಿಡಿದ ಒಂದು ಗುಂಡುಪಿನ್ನು ಚುಚ್ಚಿತ್ತು. ಪಿನ್ನಿನ ಕೆಳಗೆ ಬೆರಳಗಲ ಕಾಗದ, ಕಾಗದದಲ್ಲಿ ಹಳೇ ಪ್ರಿನ್ಸಿಪಾಲರ ಅರ್ಧ ಮೂಗು.

“ನಾನು ಬರೆದ ಮೂಗು” ಅಂದ ಗಸ್. “ಇದು ಆ ನೋಟಿಸ್ ಬೋರ್ಡಿನ ಬೆಂಡು. ವರ್ನ್, ಇಪ್ಪತ್ತಾರು ವರ್ಷ ನನ್ನ ಮುಖ ನೋಡ್ಕೊಂಡು ‘ಆಯ್ತು, ನೀನಲ್ಲ’ ಅಂತಿದ್ಯಲ್ಲೋ. ಅದಕ್ಕೇ ಅಷ್ಟು ಧೈರ್ಯವಾಗಿ ಅಂತಿದ್ಯಾ?”

ವರ್ನನ್ ಏನು ಹೇಳಿದರೂ ಅದಕ್ಕೆ ಆಗಲೇ ಅವನೇ ಬೋರ್ಡಿನಲ್ಲಿ ಉತ್ತರ ಬರೆದಿಟ್ಟಿದ್ದ, ಕೆಳಗೆ ಎರಡು ಗೆರೆ ಎಳೆದು.

ಹ್ಯಾಡ್ಲಿ ಮೇಡಂ ಕೆಮ್ಮಿದರು. “ನಿಯಮ ನಿಯಮವೇ, ಮಿಸ್ಟರ್ ಕ್ಲಿಂಗ್. ತಿಳಿದಿರಲಿ, ತಿಳಿಯದೆ ಇರಲಿ. ಇನ್ನು ಒಂಬತ್ತು ಹೋಮ್ ರನ್ನಿನ ಗಸ್ ನೊವೊಟ್ನಿ ಅವರ ಹೆಸರು ಮೇಲೆ ಬರುತ್ತೆ. ಏಣಿ ಇನ್ನೂ ಅಲ್ಲೇ ಇದೆ.”

“ಮೇಡಂ” ಅಂದ ಗಸ್, ಮೂಗು ಒರೆಸಿಕೊಂಡು. “ಒಂದು ಸಣ್ಣ ಕೋರಿಕೆ. ನನ್ನ ಹೆಸರಿನ ಪಕ್ಕ ಒಂದು ನಕ್ಷತ್ರ ಹಾಕಿಸಿ. ಕೆಳಗೆ ಚಿಕ್ಕದಾಗಿ, ‘ಇವರನ್ನು ಅನ್ಯಾಯವಾಗಿ ಮೂರು ಪಂದ್ಯ ಆಡಗೊಡಲಿಲ್ಲ’ ಅಂತ ಬರೆಸಿ.”

ಚಪ್ಪಾಳೆ ಬಿತ್ತು. ಕೈ ಎತ್ತುವ ಅಗತ್ಯವೇ ಬೀಳಲಿಲ್ಲ.

ವರ್ನನ್ ಏಣಿ ಹತ್ತಿದ. ಇನ್ನೂ ಒದ್ದೆಯಿದ್ದ ತನ್ನ ಹೆಸರಿನ ಮೇಲೆ ಬಣ್ಣ ಬಳಿದ. ಕೆಳಗಿನಿಂದ ಲಿಯಾನ್ ಕೂಗಿ ಹೇಳಿದ: “ಈ ಸಲ ಎರಡು ಕೋಟು ಕಣಯ್ಯಾ!” ಎರಡು ಕೋಟು ಬಳಿದ. ನೊವೊಟ್ನಿ ಅನ್ನುವುದು ಉದ್ದದ ಹೆಸರು, ಕೈ ನೋಯಿತು. ನಕ್ಷತ್ರಕ್ಕೆ ಐದು ಮೂಲೆ ಬೇಕು ಅಂತ ಗಸ್ ಹಠ ಹಿಡಿದ. ಐದು ಮೂಲೆ ಬಿಡಿಸಿದ. ನೋಟಿಸ್ ಬೋರ್ಡಿನ ಮೂಲೆಯನ್ನು ಸೋಮವಾರದೊಳಗೆ ಸರಿಮಾಡಬೇಕು ಅಂತ ಮೇಡಂ ಹೇಳಿದ್ದಕ್ಕೂ ಹೂಂ ಅಂದ.

ಮನೆಗೆ ಹೋಗುವಾಗ ಡೋರೀನೇ ಗಾಡಿ ಓಡಿಸಿದಳು. ನೀರಿನ ಟ್ಯಾಂಕು ದಾಟಿದ ಮೇಲೆ ಅವಳು ಮೆಲ್ಲಗೆ, “ಆ ವರ್ಷ ಮರಗೆಲಸದ ಕ್ಲಾಸಿನಲ್ಲಿ ಇದ್ದ ಹುಡುಗಿ ನಾನೊಬ್ಬಳೇ” ಅಂದಳು.

ವರ್ನನ್ ತಲೆ ತಿರುಗಿಸಿ ನೋಡಿದ.

“ಮೊದಲ ನಾಲ್ಕು ಪಂದ್ಯದಲ್ಲಿ ನೀನು ಬರೀ ಸೊನ್ನೆ. ಇನ್ನೊಂದು ಸೊನ್ನೆ ಬಿದ್ರೆ ಊರು ಬಿಟ್ಟು ನೌಕಾಪಡೆ ಸೇರ್ತೀನಿ ಅಂತ ಸ್ಕೂಲ್ ಬಸ್ಸಿನಲ್ಲಿ ಅತ್ತಿದ್ದೆ. ನಾನು ನಿನ್ನ ಹಿಂದಿನ ಸೀಟಿನಲ್ಲಿದ್ದೆ. ಆಗ ನಿನಗೆ ನನ್ನ ಹೆಸರೂ ಗೊತ್ತಿರಲಿಲ್ಲ. ನೀನು ಹೋಗಬಾರದು ಅನ್ನಿಸ್ತು, ವರ್ನ್. ಕೊರೆಯೋ ಮೆಷೀನು ಇತ್ತು. ಬೆಂಡು ಎಲ್ಲಿಂದ ತರ್ಲಿ? ನೋಟಿಸ್ ಬೋರ್ಡು ಕಣ್ಣಿಗೆ ಬಿತ್ತು.” ಅವಳ ಕಣ್ಣು ತುಂಬಿತ್ತು. “ಕೊರೆದಿದ್ದಷ್ಟೇ ನಾನು. ಹೊಡೆದಿದ್ದು ನೀನೇ.”

ವರ್ನನ್ ಕಿಟಕಿಯಾಚೆ ನೋಡುತ್ತಾ ಕೂತ. ಕೋಪ ಮಾಡಿಕೊಳ್ಳೋಣ ಅಂತ ಬಹಳ ಪ್ರಯತ್ನ ಪಟ್ಟ. ಹನ್ನೊಂದನೇ ಹೋಮ್ ರನ್ ಹೊಡೆದ ಸಂಜೆ ತಾನು ಉಬ್ಬಿಹೋಗಿ, ಅದೇ ಧೈರ್ಯದಲ್ಲಿ ಹಿಂದಿನ ಸೀಟಿನ ಹುಡುಗಿಯನ್ನು ‘ಐಸ್‌ಕ್ರೀಮ್ ತಿನ್ನೋಕೆ ಬರ್ತೀಯಾ’ ಅಂತ ಕೇಳಿದ್ದು ನೆನಪಾಯಿತು. ಕೋಪ ಬರಲಿಲ್ಲ. ಊರಿಗೆಲ್ಲ ನಿಜ ಹೇಳಿದರೆ ತಾನು ಅರ್ಧ ಕಳ್ಳನಾಗಿ ಉಳಿಯಬಹುದು. ಆದರೆ ನಾಳೆ ಭಾನುವಾರ, ಚರ್ಚಿನಲ್ಲಿ ಗಸ್ಸನ ಪಕ್ಕ ನಿಂತು ಹಾಡಬೇಕಾದವಳು ಡೋರೀನು.

“ಹೋಗ್ಲಿ ಬಿಡು” ಅಂದ ಕೊನೆಗೆ, ಅವಳ ಕೈ ಮೇಲೆ ಕೈ ಇಟ್ಟು. “ಹೇಳೋದು ಬೇಡ. ಬೋರ್ಡಿನ ಮರ್ಯಾದೆ ಹೋಯ್ತು, ಹೋಗ್ಲಿ. ಮನೆಯಲ್ಲಿ ಮೀನಿನ ಕಪ್ಪು ಒಂದಿದೆಯಲ್ಲ. ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ.”

ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಡೋರೀನ್ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಸುಮ್ಮನೆ ಒಂದು ಸಲ ಹಾರನ್ ಹೊಡೆದಳು.

“ಡೋರೀನ್?” ಅಂದ ವರ್ನನ್.

“ಆ ಮೀನು ತೂಕಕ್ಕೆ ಹಾಕೋ ಮುಂಚೆ ಐದು ನಿಮಿಷ ನನ್ನ ಕೈಯಲ್ಲಿತ್ತು” ಅಂದಳು ಅವಳು. “ಬಾಯಿ ತೆರೆದುಕೊಂಡಿತ್ತು, ವರ್ನ್. ಪಕ್ಕದಲ್ಲೇ ಗಾಳಕ್ಕೆ ಕಟ್ಟೋ ಸೀಸದ ಗುಂಡಿನ ಡಬ್ಬಿ ಇತ್ತು.”